ಸಹಿ ಇಲ್ಲದ ತೊಗಟೆ ಚಿತ್ರ: ಬೆಲೆ ಕೇಳುವ ಮುಂಚೆ ಊರು ಕೇಳಿ

ಮೆಲ್ಬರ್ನ್, ಸಿಡ್ನಿ ಕಡೆ ಮನೆ ಮಾಡಿಕೊಂಡಿರುವ ನಮ್ಮವರಲ್ಲಿ ಹಲವರಿಗೆ ಶನಿವಾರದ ಗ್ಯಾರೇಜ್ ಸೇಲ್ ಸುತ್ತುವ ಚಟ. ನನಗೂ ಇದೆ. ಹಳೇ ಟೋಸ್ಟರ್, ಮಕ್ಕಳ ಸೈಕಲ್, ಕಿವಿ ಮುರಿದ ಕಪ್ಪುಗಳ ನಡುವೆ ಒಮ್ಮೊಮ್ಮೆ ಆಸ್ಟ್ರೇಲಿಯಾದ ಮೂಲನಿವಾಸಿಗಳು ಚಿತ್ರ ಬರೆದ ಮರದ ತೊಗಟೆಯೊಂದು ಗೋಡೆಗೆ ಒರಗಿ ನಿಂತಿರುತ್ತದೆ. ಕೆಮ್ಮಣ್ಣಿನ ನೆಲೆ, ಅದರ ಮೇಲೆ ಬಿಳಿ ಗೆರೆಯ ಮೀನು, ಇಲ್ಲವೇ ಬೆನ್ನುಮೂಳೆ, ಕರುಳು ಎಲ್ಲ ಕಾಣುವ ಕಾಂಗರೂ. ಸಹಿ ಎಲ್ಲೂ ಇಲ್ಲ. ಮನೆಗೆ ತಂದವರು ಮುಂದೆ ಹಿಂದೆ ತಿರುಗಿಸಿ ನೋಡಿ, ಸಹಿ ಸಿಗದೆ ಸೋತು, ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಬಾಳತ್ತೆ ಇದು?"

ಆ ಪ್ರಶ್ನೆ ಕಡೆಯದು. ಅದಕ್ಕಿಂತ ಮುಂಚೆ ಕೇಳಬೇಕಾದ್ದು ಈ ಚಿತ್ರದ ಊರು ಯಾವುದು ಎಂದು. ಊರು ಗೊತ್ತಾದರೆ ಕುಲ ಗೊತ್ತಾಗುತ್ತದೆ, ಕುಲ ಗೊತ್ತಾದರೆ ಬರೆದ ಕೈ ಯಾರದೆಂದು ಹುಡುಕಬಹುದು. ಬೆಲೆ ಆಮೇಲೆ ತಾನಾಗಿ ಒಂದು ಹದಕ್ಕೆ ಬರುತ್ತದೆ.

ಮಾರುವವರ ಮಾತು ಬರೆದುಕೊಳ್ಳಿ

ದುಡ್ಡು ಕೊಟ್ಟು ಹೊರಡುವ ಮುಂಚೆ ಎರಡು ನಿಮಿಷ ನಿಂತು ಮಾತಾಡಿಸಿ. "ನಮ್ಮಜ್ಜ ಡಾರ್ವಿನ್ನಿನಲ್ಲಿ ಕೆಲಸಕ್ಕಿದ್ದಾಗ ತಂದಿದ್ದು", "ಅತ್ತೆ ಮಿಷನ್ ಆಸ್ಪತ್ರೆಯಲ್ಲಿ ನರ್ಸಾಗಿದ್ದರು" ಎಂಬಂಥ ಮಾತು ಬಿದ್ದರೆ ಆಗಲೇ ಫೋನಿನಲ್ಲಿ ಬರೆದುಕೊಳ್ಳಿ. ಯಾವ ಊರಿನ ಮಿಷನ್, ಯಾವ ವರ್ಷ, ಆಗಿನ ಫೋಟೋ ಅಥವಾ ಕಾಗದ ಏನಾದರೂ ಉಂಟೇ ಎಂದು ಕೇಳಿ. ತೊಗಟೆ ಯಾರ ಕೈಯಿಂದ ಯಾರ ಕೈಗೆ ಬಂತೆಂಬ ಜಾಡು ಇರುವ ಚಿತ್ರಕ್ಕೂ ಇಲ್ಲದ ಚಿತ್ರಕ್ಕೂ ಹರಾಜಿನಲ್ಲಿ ಅಜಗಜಾಂತರ. ಆ ಮನೆ ಮಾರಾಟವಾಗಿ ಜನ ಚದುರಿದ ಮೇಲೆ ಈ ಮಾತುಗಳನ್ನು ಎಷ್ಟು ದುಡ್ಡು ಕೊಟ್ಟರೂ ಕೊಳ್ಳಲಾಗದು.

ಸಹಿ ಯಾಕಿಲ್ಲ

ತೊಗಟೆ ಚಿತ್ರದ ನಿಜವಾದ ತವರು ಆಸ್ಟ್ರೇಲಿಯಾದ ಉತ್ತರ ತುದಿ, ಮುಖ್ಯವಾಗಿ ನಾರ್ದರ್ನ್ ಟೆರಿಟರಿಯ ಆರ್ನೆಮ್ ಲ್ಯಾಂಡ್. ಅಲ್ಲಿ ವಿನ್ಯಾಸ ಬರೆದವನೊಬ್ಬನ ಸೊತ್ತಲ್ಲ, ಅದು ಕುಲದ ಆಸ್ತಿ. ಕುಲ ಎಂದರೆ ನಮ್ಮಲ್ಲಿ ಬೆಡಗು ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅಂಥದ್ದು. ಈಶಾನ್ಯ ಭಾಗದ ಯೊಲ್ಂಗು ಜನರಲ್ಲಿ ಎಲ್ಲ ಕುಲಗಳೂ ದುವ, ಯಿರಿಟ್ಜ ಎಂಬ ಎರಡು ಪಾಲುಗಳಲ್ಲಿ ಒಂದಕ್ಕೆ ಸೇರುತ್ತವೆ. ಮದುವೆ ಎದುರು ಪಾಲಿನವರೊಂದಿಗೇ ಆಗಬೇಕು. ಹಕ್ಕಿ, ಮೀನು, ಗಾಳಿ, ಚಿತ್ರದ ವಿನ್ಯಾಸ ಎಲ್ಲಕ್ಕೂ ಪಾಲು ಇದೆ. ಯಾವ ವಿನ್ಯಾಸವನ್ನು ಯಾರು ಬರೆಯಬಹುದು ಎಂಬುದು ಹುಟ್ಟಿನಿಂದ, ದೀಕ್ಷೆಯಿಂದ ತೀರ್ಮಾನವಾಗುವ ವಿಷಯ. ಚಿತ್ರವೇ ಆ ನೆಲದ ಪಹಣಿ ಅಂದರೂ ತಪ್ಪಿಲ್ಲ. 1963ರಲ್ಲಿ ಈ ಈಶಾನ್ಯ ಭಾಗದ ಯಿರ್ಕಲ ಎಂಬ ಊರಿನ ಜನ ಬಾಕ್ಸೈಟ್ ಗಣಿಯ ವಿರುದ್ಧ ಕ್ಯಾನ್‌ಬೆರಾದ ಸಂಸತ್ತಿಗೆ ಅರ್ಜಿ ಕೊಟ್ಟಾಗ, ಟೈಪ್ ಮಾಡಿದ ಹಾಳೆಯನ್ನು ತೊಗಟೆಗೆ ಅಂಟಿಸಿ ಸುತ್ತಲೂ ತಮ್ಮ ಕುಲದ ವಿನ್ಯಾಸ ಬರೆದೇ ಕಳಿಸಿದ್ದರು. ಆ ಅರ್ಜಿಗಳು ಇಂದೂ ಸಂಸತ್ ಭವನದಲ್ಲಿವೆ. ಪಹಣಿಯ ಮೂಲೆಯಲ್ಲಿ ಬರೆದವರು ಕಲಾವಿದರಂತೆ ಸಹಿ ಹಾಕುವುದಿಲ್ಲವಷ್ಟೆ.

ಹಾಗಾಗಿ ಸಹಿ ಇಲ್ಲದಿರುವುದು ಕೊರತೆಯಲ್ಲ. ನಿಜ ಹೇಳಬೇಕೆಂದರೆ, ಹಳೆಯ ತೊಗಟೆಯ ಮುಂಭಾಗದಲ್ಲಿ ದಪ್ಪಕ್ಷರದ ಇಂಗ್ಲಿಷ್ ಸಹಿ ಕಂಡರೆ ನಾನು ಇನ್ನೊಂದು ಸಲ ಅನುಮಾನದಿಂದ ನೋಡುತ್ತೇನೆ. ಎಷ್ಟೋ ಸಲ ಅದು ಆಮೇಲೆ ಯಾರೋ ಸೇರಿಸಿದ್ದು.

ಆದರೆ ಸಹಿ ಇಲ್ಲ ಅಂದಮಾತ್ರಕ್ಕೆ ಅನಾಮಿಕ ಅಂದುಕೊಳ್ಳಬೇಡಿ. 1966ರಲ್ಲಿ ಆಸ್ಟ್ರೇಲಿಯಾ ಡಾಲರಿಗೆ ಬದಲಾದಾಗ ಒಂದು ಡಾಲರ್ ನೋಟಿನ ಹಿಂಬದಿಗೆ ಒಂದು ತೊಗಟೆ ಚಿತ್ರದ ವಿನ್ಯಾಸ ಬಳಸಿದರು. ಬರೆದವರು ಯಾರೋ, ಎಂದೋ ತೀರಿಹೋದವರಿರಬೇಕು ಎಂದು ರಿಸರ್ವ್ ಬ್ಯಾಂಕ್ ಅಂದುಕೊಂಡಿತ್ತು. ಆರ್ನೆಮ್ ಲ್ಯಾಂಡಿನ ಮಿಲಿಂಗಿಂಬಿಯ ಶಾಲಾ ಮೇಷ್ಟರೊಬ್ಬರು ನೋಡಿ, ಇದು ಡೇವಿಡ್ ಮಲಂಗಿ ಅವರದು ಎಂದು ಗುರುತಿಸಿದರು. ಮಲಂಗಿ ಆಗ ನಲವತ್ತರ ಆಸುಪಾಸಿನ ಗಟ್ಟಿ ಆಳು. ಬ್ಯಾಂಕು ಅವರಿಗೆ 1000 ಡಾಲರ್, ಒಂದು ಪದಕ, ಮೀನು ಹಿಡಿಯುವ ಸರಂಜಾಮಿನ ಪೆಟ್ಟಿಗೆ ಕೊಟ್ಟು ಮಾನ ಉಳಿಸಿಕೊಂಡಿತು. ಕೇಳುವವರು ಸರಿಯಾದ ಊರಿಗೆ ಹೋಗಿ ಕೇಳಿದ್ದರೆ ಹೆಸರು ಮೊದಲೇ ಸಿಗುತ್ತಿತ್ತು.

ಒದ್ದೆ ಬಟ್ಟೆ ದೂರವಿಡಿ

ನನ್ನ ಮೊದಲ ತೊಗಟೆಯನ್ನು ಮನೆಗೆ ತಂದ ದಿನವೇ, ಧೂಳು ಒರೆಸೋಣವೆಂದು ಒದ್ದೆ ಬಟ್ಟೆ ಎಳೆದೆ. ಮೀನಿನ ಅರ್ಧ ಹೊಟ್ಟೆ ಬಟ್ಟೆಗೆ ಬಂತು. ಮಣ್ಣಿನ ಬಣ್ಣಕ್ಕೆ ನೀರು ವೈರಿ. ಬಿಳಿ ಬಣ್ಣವಂತೂ ಮೊದಲು ಉದುರುತ್ತದೆ. ಮುಖ ಮೇಲಾಗಿಟ್ಟು ಎರಡೂ ಕೈಯಲ್ಲಿ ಹಿಡಿಯಿರಿ, ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ ಮಲಗಿಸಿ. ಬಾಗಿದ ತೊಗಟೆಯನ್ನು ಒತ್ತಿ ನೇರ ಮಾಡಲು ಹೋಗಬೇಡಿ, ನಾರಿನುದ್ದಕ್ಕೂ ಸೀಳುತ್ತದೆ.

ಆಮೇಲೆ ಫೋಟೋ. ಮುಂಭಾಗ ಪೂರ್ತಿ, ಹಿಂಭಾಗ ಪೂರ್ತಿ, ನಾಲ್ಕು ಅಂಚು, ಹಿಂದೆ ಇರುವ ಪ್ರತಿ ಚೀಟಿ, ಪ್ರತಿ ಪೆನ್ಸಿಲ್ ಗುರುತು. ಕಿಟಕಿಯ ಬೆಳಕು ಪಕ್ಕದಿಂದ ಓರೆಯಾಗಿ ಬೀಳುವಂತೆ ಇಟ್ಟು ಇನ್ನೊಂದು ತೆಗೆಯಿರಿ, ಎದ್ದ ಬಣ್ಣ, ಬಿರುಕು ಅದರಲ್ಲೇ ಕಾಣುವುದು. ಅಂಚು ಸೊಟ್ಟಪಟ್ಟ ಇರುವುದರಿಂದ ಉದ್ದ, ಅಗಲ ಎರಡನ್ನೂ ಅತಿ ಹೆಚ್ಚು ಇರುವ ಕಡೆ ಅಳೆದು ಸೆಂಟಿಮೀಟರಿನಲ್ಲಿ ಬರೆಯಿರಿ.

ಹಿಂಬದಿಯೇ ಆಧಾರ್ ಕಾರ್ಡ್

ಮುಂಭಾಗ ನೋಡಿ ಮೆಚ್ಚುವವರು ಕೊಳ್ಳುವವರು. ಹಿಂಭಾಗ ನೋಡುವವರು ಬೆಲೆ ಕಟ್ಟುವವರು. ಮಿಷನ್ನುಗಳ ಕಾಲದಲ್ಲಿ ಕಲಾವಿದರ ಹೆಸರು, ಕುಲ, ಕಥೆಯನ್ನು ಒಂದು ಚೀಟಿಯಲ್ಲಿ ಟೈಪ್ ಮಾಡಿ ಹಿಂದೆ ಅಂಟಿಸುತ್ತಿದ್ದುದುಂಟು. 1971ರಲ್ಲಿ ಸರ್ಕಾರ ಸ್ಥಾಪಿಸಿದ ಅಬಾರಿಜಿನಲ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಕಂಪನಿಯ ಚೀಟಿ ಇದ್ದರೆ ಕಾಲ ಒಂದು ಮಟ್ಟಿಗೆ ತಾನಾಗಿ ಗೊತ್ತಾಯಿತು. ಆಮೇಲಿನವಕ್ಕೆ ಕಲಾಕೇಂದ್ರಗಳ ಸಂಖ್ಯೆ ಇರುತ್ತದೆ: ಯಿರ್ಕಲದ ಬುಕು-ಲಾರ್ಂಗೈ ಮುಲ್ಕ, ಮನಿಂಗ್ರಿಡಾ ಆರ್ಟ್ಸ್, ರಮಿಂಗಿನಿಂಗಿನ ಬುಲಬುಲ, ಗುನ್‌ಬಲನ್ಯದಲ್ಲಿ 1989ರಲ್ಲಿ ಶುರುವಾದ ಇಂಜಲಕ್. ಆ ಸಂಖ್ಯೆ ಓದಲು ಬಂದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ. ಕೇಂದ್ರಕ್ಕೆ ಬರೆದು ಕೇಳಿದರೆ ಹೆಸರು, ವರ್ಷ, ಕಥೆ ಅವರ ಕಡತದಿಂದಲೇ ಸಿಗುವ ಸಾಧ್ಯತೆ ಇದೆ.

ಸೀಮೆಸುಣ್ಣದಲ್ಲೋ ಪೆನ್ಸಿಲಿನಲ್ಲೋ ಮಸುಕಾದ ಅಕ್ಷರ ಇದ್ದರೆ ಉಜ್ಜಬೇಡಿ. ಫೋಟೋ ತೆಗೆದು ಫೋನಿನಲ್ಲೇ ಕಾಂಟ್ರಾಸ್ಟ್ ಏರಿಸಿ ನೋಡಿ. ಹೆಸರಿನ ಕಾಗುಣಿತ ಹುಚ್ಚುಹುಚ್ಚಾಗಿರುತ್ತದೆ ಎಂಬುದೂ ನೆನಪಿರಲಿ. ಕೇಳಿದ್ದನ್ನು ಕಿವಿಗೆ ಬಿದ್ದಂತೆ ಬರೆದವರು ಮಿಷನರಿಗಳು, ವ್ಯಾಪಾರಿಗಳು. ಒಬ್ಬರದೇ ಹೆಸರು ಮೂರು ಚೀಟಿಯಲ್ಲಿ ಮೂರು ಥರ. ಒಂದು ಅಕ್ಷರ ಬೇರೆ ಇದೆಯೆಂದು "ಇವರಲ್ಲ" ಅಂದುಬಿಟ್ಟರೆ ಲಕ್ಷ್ಮಿ ಬಾಗಿಲಿಗೆ ಬಂದು ವಾಪಸ್ಸು ಹೋದಂತೆ.

ಹಳೆಯ ಚೌಕಟ್ಟು, ಹಳೆಯ ದಾರ, ಗ್ಯಾಲರಿಯ ಚೀಟಿ, ಯಾವುದನ್ನೂ ಕಿತ್ತು ಬಿಸಾಡಬೇಡಿ.

ತೊಗಟೆ, ಮಣ್ಣು, ಕೂದಲು

ಭೂತಗನ್ನಡಿ ತೆಗೆದುಕೊಳ್ಳಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವುದು ಸಾಕು. ತೊಗಟೆ ಸ್ಟ್ರಿಂಗಿಬಾರ್ಕ್ ಎಂಬ ಜಾತಿಯ ನೀಲಗಿರಿ ಮರದ್ದು. ಮಳೆಗಾಲದಲ್ಲಿ ಮರದೊಳಗೆ ರಸ ಏರಿದಾಗ ಮಾತ್ರ ಅದು ಹಾಳೆಯಂತೆ ಸಲೀಸಾಗಿ ಬಿಡುತ್ತದೆ. ಹೊರಗಿನ ಒರಟು ನಾರು ಕೆತ್ತಿ, ಬೆಂಕಿಯ ಮೇಲೆ ಕಾಯಿಸಿ, ಭಾರ ಹೇರಿ ಚಪ್ಪಟೆ ಮಾಡುತ್ತಾರೆ. ಚಿತ್ರ ಬರುವುದು ನುಣುಪಾದ ಒಳಮುಖದ ಮೇಲೆ. ಹಿಂಭಾಗದಲ್ಲಿ ಕೆತ್ತಿದ ಗುರುತು, ಉದ್ದನೆಯ ನಾರು, ಅಲ್ಲಲ್ಲಿ ಸುಟ್ಟ ಕಪ್ಪು ಕಾಣಬೇಕು. ಮೇಲೆ ಕೆಳಗೆ ಎರಡೂ ತುದಿಗೆ ಕಡ್ಡಿ ಕಟ್ಟಿದ್ದರೆ, ಅದು ತೊಗಟೆ ಸುರುಳಿಯಾಗದಂತೆ ಮಾಡಿದ ಏರ್ಪಾಡು. ಪ್ಲೈವುಡ್ಡಿಗೆ ಅಂಟಿಸಿದ ತೆಳು ಸಿಪ್ಪೆಯಾದರೆ ಸಂಶಯ ಪಡಿ.

ಬಣ್ಣ ನಾಲ್ಕೇ: ಕೆಂಪು, ಹಳದಿ, ಬಿಳಿ, ಕಪ್ಪು. ಕೆಮ್ಮಣ್ಣು, ಹಳದಿ ಮಣ್ಣು, ಬಿಳಿ ಜೇಡಿ, ಇದ್ದಿಲು ಅಥವಾ ಮ್ಯಾಂಗನೀಸ್ ಕಲ್ಲು. ಕಲ್ಲಿನ ಮೇಲೆ ತೇಯ್ದ ಬಣ್ಣ ಭೂತಗನ್ನಡಿಯಲ್ಲಿ ಹರಳು ಹರಳಾಗಿ, ಹೊಳಪಿಲ್ಲದೆ ಕಾಣುತ್ತದೆ. ಅಕ್ರಿಲಿಕ್ ಆದರೆ ಒಂದೇ ಸಮನೆ ಪ್ಲಾಸ್ಟಿಕ್ ಪೊರೆಯಂತೆ. ಹಿಂದೆ ಬಣ್ಣ ಹಿಡಿಯಲು ಆರ್ಕಿಡ್ ಗಿಡದ ರಸವನ್ನು, ಕೆಲವೆಡೆ ಆಮೆಯ ಮೊಟ್ಟೆಯನ್ನು ಬಳಸುತ್ತಿದ್ದರು. 1960ರ ದಶಕದಿಂದ ಮರಗೆಲಸದ ಬಿಳಿ ಅಂಟು ಬಂತು. ಆದ್ದರಿಂದ ಬಣ್ಣದಲ್ಲಿ ಅಂಟು ಇದೆ ಅಂದರೆ ನಕಲಿ ಅಂತಲ್ಲ. "1940ರದು" ಎಂದು ಹೇಳಿ ಮಾರಿದ್ದರೆ ಮಾತ್ರ ಪ್ರಶ್ನೆ ಏಳುತ್ತದೆ. ಆಮೇಲೆ ಯಾರಾದರೂ ತೇಪೆ ಹಚ್ಚಿದ್ದರೆ ನೇರಳಾತೀತ ಟಾರ್ಚಿನ ಬೆಳಕಿನಲ್ಲಿ ಆ ಭಾಗ ಬೇರೆ ಥರ ಮಿನುಗುತ್ತದೆ. ನೋಟು ಪರೀಕ್ಷೆ ಮಾಡುವ ಅಗ್ಗದ ಟಾರ್ಚು ಸಾಕು.

ಗೆರೆಯ ನಯ ನೋಡಿ. ಸಣ್ಣ ಕಡ್ಡಿಗೆ ಮನುಷ್ಯರ ತಲೆಗೂದಲಿನ ನಾಲ್ಕು ಎಳೆ ಕಟ್ಟಿ, ಇಲ್ಲವೇ ಜೊಂಡು ಹುಲ್ಲಿನ ಎಳೆ ಹಿಡಿದು, ಉಸಿರು ಬಿಗಿಹಿಡಿದು ಎಳೆವ ಗೆರೆ ಅದು. ಒಂದರ ಮೇಲೊಂದು ಅಡ್ಡಹಾಯುವ ಈ ಹೆಣಿಗೆಗೆ ಪಶ್ಚಿಮದ ಕಡೆ ರಾರ್ಕ್ ಅನ್ನುತ್ತಾರೆ. ಯೊಲ್ಂಗು ಜನ ಅದರಿಂದ ಏಳುವ ಮಿಣುಕನ್ನು ಬಿರ್‌ಯುನ್ ಅನ್ನುತ್ತಾರೆ, ಪೂರ್ವಜರ ಶಕ್ತಿಯೇ ಅಲ್ಲಿ ಹೊಳೆಯುತ್ತದೆ ಎಂದು. ಪ್ರವಾಸಿಗರಿಗೆಂದು ಆತುರದಲ್ಲಿ ಬರೆದದ್ದರಲ್ಲಿ ಗೆರೆ ದಪ್ಪ, ನಡುನಡುವೆ ಅಂತರ, ಮೂಲೆಗೆ ಬರುವಾಗ ಕೈ ಸೋತಿರುತ್ತದೆ.

ಊರು ಹುಡುಕುವುದು

ಇಲ್ಲಿ ಅವಸರ ಬೇಡ. ಚಿತ್ರವನ್ನು ಎದುರಿಗಿಟ್ಟುಕೊಂಡು ಮೊದಲ ಪ್ರಶ್ನೆ: ಹಿನ್ನೆಲೆ ಖಾಲಿ ಇದೆಯೇ, ತುಂಬಿದೆಯೇ?

ಒಂದೇ ಬಣ್ಣದ ಬಯಲು ನೆಲೆಯ ಮೇಲೆ ಪ್ರಾಣಿಯೋ ಆತ್ಮವೋ ಒಂಟಿಯಾಗಿ ನಿಂತಿದ್ದರೆ, ಮೈಯೊಳಗಿನ ಮೂಳೆ ಅಂಗಾಂಗ ಕಾಣುತ್ತಿದ್ದರೆ, ಪಶ್ಚಿಮ ಆರ್ನೆಮ್ ಲ್ಯಾಂಡಿನ ಕಡೆ ನೋಡಿ. ಗುನ್‌ಬಲನ್ಯ ಅಲ್ಲಿನ ಮುಖ್ಯ ಊರು, ಹಳೆಯ ಚೀಟಿಗಳಲ್ಲಿ ಓಯನ್‌ಪೆಲ್ಲಿ ಎಂದಿರುತ್ತದೆ. ಬಂಡೆಗಲ್ಲುಗಳ ನಾಡು ಅದು. ಬಂಡೆಯ ಮೇಲೆ ಸಾವಿರಾರು ವರ್ಷ ಬರೆದ ಅದೇ ಕ್ಷಕಿರಣ ಶೈಲಿ ತೊಗಟೆಗೂ ಬಂದಿದೆ. ಕಡ್ಡಿಯಂತೆ ಬಳುಕುವ ತೆಳ್ಳಗಿನ ಮಿಮಿ ಆತ್ಮಗಳು ಇಲ್ಲಿಯವೇ. 1912ರಲ್ಲಿ ಮಾನವಶಾಸ್ತ್ರಜ್ಞ ಬಾಲ್ಡ್‌ವಿನ್ ಸ್ಪೆನ್ಸರ್ ಸಂಗ್ರಹಿಸಿ ತಂದ ತೊಗಟೆಗಳು ಈ ಊರಿನವು. ಈಗ ಮೆಲ್ಬರ್ನಿನ ಮ್ಯೂಸಿಯಂ ವಶದಲ್ಲಿವೆ.

ಅಂಚಿನಿಂದ ಅಂಚಿಗೆ ಒಂದಿಂಚೂ ಬಿಡದೆ ವಿನ್ಯಾಸ ತುಂಬಿದ್ದರೆ, ಸುತ್ತ ಚೌಕಟ್ಟಿನ ಗೆರೆ ಇದ್ದು ಒಳಗೆ ಮನೆಮನೆಯಾಗಿ ಕಥೆ ಹಂಚಿದ್ದರೆ ಈಶಾನ್ಯ ಭಾಗ, ಯಿರ್ಕಲದ ಸುತ್ತಮುತ್ತ. ಇಲ್ಲಿ ವಿನ್ಯಾಸವೇ ಕುಲದ ಗುರುತು. ವಜ್ರಾಕಾರದ ಸರಪಳಿ ಕಂಡರೆ ಬೆಂಕಿಗೂ ಮೊಸಳೆಗೂ ನಂಟಿರುವ ಗುಮಾಜ್, ಮದರ್ಪ ಕುಲಗಳನ್ನು ನೆನೆಯಬಹುದು. ಇವೆರಡೂ ಯಿರಿಟ್ಜ ಪಾಲಿನವು. ಪಶ್ಚಿಮ, ಈಶಾನ್ಯ ಈ ಎರಡು ಭಾಗಗಳ ನಡುವೆ ಮಿಲಿಂಗಿಂಬಿ, ರಮಿಂಗಿನಿಂಗ್, ಮನಿಂಗ್ರಿಡಾ ಇರುವ ಮಧ್ಯ ಭಾಗ. ಎರಡು ಕಡೆಯ ಗುಣವೂ ಅಲ್ಲಿ ಬೆರೆಯುತ್ತದೆ, ಅದಕ್ಕೇ ಪಳಗಿದವರೂ ಎಡವುವುದು ಅಲ್ಲಿಯೇ.

ಹಿನ್ನೆಲೆ ಕಪ್ಪಗಿದ್ದು, ಅದರ ಮೇಲೆ ದೋಣಿ, ಮೀನು, ಆಮೆ ಬಿಡಿಬಿಡಿಯಾಗಿ ತೇಲುವಂತಿದ್ದು, ಮೈತುಂಬ ಸಣ್ಣ ಗೀಟುಗಳಿದ್ದರೆ ಗ್ರೂಟ್ ಐಲಂಡ್. ಅಲ್ಲಿ ಮ್ಯಾಂಗನೀಸ್ ಗಣಿಯೇ ಇದೆ, ಕಪ್ಪಿಗೆ ಬರವಿಲ್ಲ. ಆಕೃತಿಯೇ ಇಲ್ಲದೆ ಚುಕ್ಕೆ, ಪಟ್ಟೆ, ವೃತ್ತಗಳ ಆಟವಾದರೆ ಡಾರ್ವಿನ್ನಿನ ಉತ್ತರಕ್ಕಿರುವ ಟಿವಿ (Tiwi) ದ್ವೀಪಗಳು. ಚುಕ್ಕೆಗಳನ್ನು ಅವರು ಮರದ ಬಾಚಣಿಗೆಯಿಂದ ಸಾಲಾಗಿ ಒತ್ತುತ್ತಾರೆ. ಬಾಯಿಲ್ಲದ ಮುಖ, ದೊಡ್ಡ ಕಣ್ಣು, ತಲೆಸುತ್ತ ಪ್ರಭೆ ಇದ್ದರೆ ಅದು ವಂಜಿನ ಎಂಬ ಮಳೆಯ ಆತ್ಮ, ಪಶ್ಚಿಮದ ಕಿಂಬರ್ಲಿ ಸೀಮೆಯದು.

ಇನ್ನು ಬಣ್ಣಬಣ್ಣದ ಅಕ್ರಿಲಿಕ್ ಚುಕ್ಕೆ ಇಟ್ಟು ನಡುವೆ ಬೂಮರಾಂಗ್, ಕಾಂಗರೂ, ಗೋಸುಂಬೆ ಎಲ್ಲ ಒಟ್ಟಿಗೆ ಸೇರಿಸಿದ್ದರೆ? ಚುಕ್ಕೆ ಚಿತ್ರ 1971ರಲ್ಲಿ ಮಧ್ಯ ಆಸ್ಟ್ರೇಲಿಯಾದ ಪಪುನ್ಯದಲ್ಲಿ ಹಲಗೆಯ ಮೇಲೆ ಶುರುವಾದ ಮರುಭೂಮಿಯ ಶೈಲಿ. ಅದನ್ನು ತೊಗಟೆಗೆ ಏರಿಸಿದ್ದರೆ ವಿಮಾನ ನಿಲ್ದಾಣದ ಅಂಗಡಿಯ ಸರಕೇ ಇರಬೇಕು. ಇಂಡೋನೇಷ್ಯಾದಲ್ಲಿ ಮಾಡಿಸಿ ಮೂಲನಿವಾಸಿಗಳ ಕೈಕೆಲಸವೆಂದು ಮಾರಿದ ಕಂಪನಿಯೊಂದಕ್ಕೆ 2019ರಲ್ಲಿ ಫೆಡರಲ್ ಕೋರ್ಟ್ 23 ಲಕ್ಷ ಡಾಲರ್ ದಂಡ ಹಾಕಿದೆ.

ಕಾಲ, ಆಮೇಲೆ ಕೈ

ಎರಡನೇ ಮಹಾಯುದ್ಧಕ್ಕಿಂತ ಹಿಂದಿನವು ಮನೆಗಳಲ್ಲಿ ಸಿಗುವುದು ಅಪರೂಪ. 1948ರಲ್ಲಿ ಆರ್ನೆಮ್ ಲ್ಯಾಂಡ್ ಸುತ್ತಿದ ಮೌಂಟ್‌ಫರ್ಡ್ ಅವರ ಸಂಶೋಧನಾ ತಂಡದ ಸಂಗ್ರಹದಲ್ಲಿ ಹೆಚ್ಚಿನದು ಸಾರ್ವಜನಿಕ ಗ್ಯಾಲರಿ, ಮ್ಯೂಸಿಯಂಗಳ ಪಾಲಾಗಿದೆ. "ಅದೇ ತಂಡದ್ದು" ಎಂದು ಯಾರಾದರೂ ಹೇಳಿದರೆ ಕಾಗದ ಕೇಳಿ. ನಮ್ಮ ನಿಮ್ಮ ಕೈಗೆ ಬರುವುದರಲ್ಲಿ ಬಹುಪಾಲು 1960-80ರ ನಡುವಿನವು. ಆಗ ಮಿಷನ್ನುಗಳಲ್ಲಿ ದುಡಿದ ಮೇಷ್ಟರು, ನರ್ಸು, ಪೈಲಟ್ ತಲೆಗೊಂದು ಎರಡು ತಂದಿದ್ದಾರೆ. ಸೂಟ್‌ಕೇಸಿನಲ್ಲಿ ಹಿಡಿಸುವ ಗಾತ್ರದವು ಆ ಕಾಲದ ಪ್ರವಾಸಿ ಮಾರುಕಟ್ಟೆಗೆ ಬರೆದವು. ಆಳೆತ್ತರದ, ಹಿಂದೆ ಲೋಹದ ಚೌಕಟ್ಟು ಕೂರಿಸಿದ ತೊಗಟೆಗಳು ಈಚಿನ ದಶಕಗಳವು.

ಊರು, ಕಾಲ ಎರಡೂ ಕೈಗೆ ಬಂದರೆ ಹೆಸರಿನ ಬೇಟೆ ಸುಲಭ. ಆ ಊರಲ್ಲಿ ಆ ಕಾಲಕ್ಕೆ ಬರೆಯುತ್ತಿದ್ದವರು ಬೆರಳೆಣಿಕೆಯಷ್ಟು ಜನ. ಪಶ್ಚಿಮಕ್ಕೆ ಯಿರವಾಲ, ಬರ್ದಯಲ್ ನಜಮೆರೆಕ್. ಯಿರ್ಕಲಕ್ಕೆ ಮವಲನ್ ಮರಿಕ, ನರಿಟ್ಜಿನ್ ಮಯ್ಮುರು, ಮುಂಗುರವುಯ್ ಯುನುಪಿಂಗು. ಕ್ಯಾನ್‌ಬೆರಾದ ನ್ಯಾಷನಲ್ ಮ್ಯೂಸಿಯಂ, ಸಿಡ್ನಿಯ ಆರ್ಟ್ ಗ್ಯಾಲರಿ ಆಫ್ ನ್ಯೂ ಸೌತ್ ವೇಲ್ಸ್, ಅಮೆರಿಕದ ವರ್ಜೀನಿಯಾದ ಕ್ಲೂಗಿ-ರೂಯಿ ಸಂಗ್ರಹ, ಇವುಗಳ ಜಾಲತಾಣದಲ್ಲಿ ಅವರ ಚಿತ್ರಗಳಿವೆ. ಪಕ್ಕಪಕ್ಕ ಇಟ್ಟು ಸಣ್ಣ ಸಂಗತಿ ಹೋಲಿಸಿ: ಕಣ್ಣು ಹೇಗೆ ಬರೆದಿದ್ದಾರೆ, ಬೆರಳು ಎಷ್ಟು, ಹೆಣಿಗೆಯಲ್ಲಿ ಬಣ್ಣದ ಸರದಿ ಯಾವುದು, ಅಂಚಿಗೆ ಬಂದಾಗ ಗೆರೆ ಹೇಗೆ ನಿಲ್ಲುತ್ತದೆ. ಕಥಾವಸ್ತು ಒಂದೇ ಎಂಬುದು ಸಾಕ್ಷಿಯಲ್ಲ. ಒಂದೇ ಕುಲದ ಅಪ್ಪ, ಮಗ, ಅಣ್ಣನ ಮಗ ಎಲ್ಲರೂ ಅದೇ ಕಥೆ ಬರೆಯುವ ಹಕ್ಕುಳ್ಳವರು.

ಇಷ್ಟಾದ ಮೇಲೆ ಫೋಟೋಗಳನ್ನು ಆ ಊರಿನ ಕಲಾಕೇಂದ್ರಕ್ಕೆ ಕಳಿಸಿ. ಫೇಸ್‌ಬುಕ್ಕಿಗೆ ಹಾಕಬೇಡಿ. ಕೆಲವು ವಿನ್ಯಾಸ ಹೊರಗಿನವರು, ಹೆಂಗಸರು, ದೀಕ್ಷೆಯಾಗದವರು ನೋಡಬಾರದವು. ಅದನ್ನು ಅವರೇ ಹೇಳಬೇಕು. ತೀರಿಹೋದವರ ಹೆಸರನ್ನು ಆಡಬಾರದೆಂಬ ಕಟ್ಟಳೆ ಎಷ್ಟೋ ಕುಟುಂಬಗಳಲ್ಲಿದೆ, ಆದ್ದರಿಂದ "ಇದು ಇಂಥವರದಾ?" ಎಂದು ನೇರ ಕೇಳುವ ಬದಲು "ಇದನ್ನು ಗುರುತಿಸಬಲ್ಲವರು ಅಲ್ಲಿ ಇದ್ದಾರೆಯೇ?" ಎಂದು ಬರೆಯುವುದು ಮರ್ಯಾದೆ. ಉತ್ತರ ವಾರಗಟ್ಟಲೆ ಬರದಿದ್ದರೆ ಬೇಸರ ಬೇಡ. ಮಳೆಗಾಲದಲ್ಲಿ ಅಲ್ಲಿನ ರಸ್ತೆಗಳೇ ಮುಚ್ಚುತ್ತವೆ, ಊರಲ್ಲಿ ಸಾವಾದರೆ ಕೆಲಸವೆಲ್ಲ ನಿಲ್ಲುತ್ತದೆ.

ಕೊನೆಗೆ ಬೆಲೆ

ಬೆಲೆ ಕಟ್ಟುವವರನ್ನು ಕಾಣುವಾಗ ಯಾವ ಬೆಲೆ ಬೇಕೆಂದು ಮೊದಲೇ ಹೇಳಿ. ವಿಮೆಗೆ ಬರೆಯುವ ಬೆಲೆ ಬೇರೆ, ಅದು ಗ್ಯಾಲರಿಯಲ್ಲಿ ಇಂಥದ್ದೇ ಇನ್ನೊಂದು ಕೊಳ್ಳಲು ತಗಲುವ ಹಣ. ಹರಾಜಿನ ಬೆಲೆ ಬೇರೆ, ಸಾಮಾನ್ಯವಾಗಿ ಅದಕ್ಕಿಂತ ಸಾಕಷ್ಟು ಕಡಿಮೆ. ದೊಡ್ಡ ಹರಾಜು ಸಂಸ್ಥೆಗಳು ಫೋಟೋ ನೋಡಿ ಅಂದಾಜನ್ನು ಪುಕ್ಕಟೆ ಹೇಳುತ್ತವೆ, ಮಾಲು ತಮಗೆ ಬರಲಿ ಎಂಬ ಆಸೆ ಅವಕ್ಕೂ ಇರುತ್ತದೆ. ಲಿಖಿತ ಮೌಲ್ಯಮಾಪನ ಬೇಕಾದರೆ ಮ್ಯೂಸಿಯಂ, ಗ್ಯಾಲರಿಗಳಿಗೆ ಕಲಾಕೃತಿ ದಾನ ಮಾಡುವವರಿಗಾಗಿ ಇರುವ ಸರ್ಕಾರದ ಕಲ್ಚರಲ್ ಗಿಫ್ಟ್ಸ್ ಯೋಜನೆಗೆ ಅನುಮೋದಿತರಾದ ಮೌಲ್ಯಮಾಪಕರ ಪಟ್ಟಿಯಲ್ಲಿ ಮೂಲನಿವಾಸಿ ಕಲೆ ಬಲ್ಲವರನ್ನು ಹುಡುಕಿ, ಶುಲ್ಕ ಕೊಟ್ಟು ಮಾಡಿಸಿ. ನಿಮ್ಮಿಂದಲೇ ಕೊಳ್ಳಲು ಬಯಸುವವರ ಕೈಲಿ ಬೆಲೆ ಕಟ್ಟಿಸಬೇಡಿ.

ನೀವೇ ಅಂದಾಜು ಹಾಕುವುದಾದರೆ ಇಂಟರ್ನೆಟ್ಟಿನಲ್ಲಿ ಕೇಳುವ ಬೆಲೆ ಬಿಟ್ಟು, ಮಾರಾಟವಾದ ಬೆಲೆ ನೋಡಿ. ಅದೇ ಊರು, ಅದೇ ದಶಕ, ಹತ್ತಿರದ ಗಾತ್ರ. ಹೆಸರು ಖಚಿತವಾದದ್ದು, "ಇವರದೆಂದು ಭಾವಿಸಲಾಗಿದೆ" ಎಂದು ಬರೆದದ್ದು, ಹೆಸರೇ ಇಲ್ಲದ್ದು, ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಡುವಿನದಕ್ಕೆ ಮೊದಲಿನದರ ಬೆಲೆ ಹಾಕಿಕೊಂಡು ಕನಸು ಕಾಣುವವರೇ ಜಾಸ್ತಿ. ಅಂಚಿನ ಸಣ್ಣ ಸೀಳು ಬೆಲೆಯನ್ನು ಹೆಚ್ಚು ತಗ್ಗಿಸದು. ಬಣ್ಣ ಉದುರಿದ್ದು, ಅದಕ್ಕಿಂತ ಹೆಚ್ಚಾಗಿ ಉದುರಿದ ಕಡೆ ಮನೆಯಲ್ಲೇ ಬಣ್ಣ ಹಚ್ಚಿದ್ದು, ತಗ್ಗಿಸುತ್ತದೆ. ಹೆಸರು ಸಿಗದೇ ಹೋದರೂ ಊರು, ದಶಕ, ಜಾಡು ಮೂರೂ ಗಟ್ಟಿ ಇದ್ದರೆ ಕೊಳ್ಳುವವರಿದ್ದಾರೆ. ಕೆಲವು ಮ್ಯೂಸಿಯಂಗಳು ಈಗ ಅಂಥವಕ್ಕೆ ಅನಾಮಿಕ ಎಂದು ಬರೆಯದೆ "ಒಂದು ಕಾಲಕ್ಕೆ ಹೆಸರು ಗೊತ್ತಿದ್ದ ಕಲಾವಿದ" ಎಂದು ಬರೆಯುತ್ತವೆ. ನನಗೆ ಇಷ್ಟವಾದ ಮಾತು ಅದು.

ಮಾರುವಾಗ ಎರಡು ಕಾನೂನು. 2010ರ ಜೂನ್ 9ರಿಂದ ಮರುಮಾರಾಟದ ಗೌರವಧನ ಜಾರಿಯಲ್ಲಿದೆ. ಹರಾಜು ಅಥವಾ ಗ್ಯಾಲರಿ ಮೂಲಕ 1000 ಡಾಲರ್ ಮತ್ತು ಮೇಲ್ಪಟ್ಟು ಮಾರಿದರೆ ಶೇಕಡಾ 5 ಕಲಾವಿದರಿಗೆ, ಅವರು ತೀರಿಕೊಂಡು 70 ವರ್ಷದವರೆಗೆ ವಾರಸುದಾರರಿಗೆ. ಆ ದಿನಕ್ಕಿಂತ ಮುಂಚೆ ಕೊಂಡಿದ್ದನ್ನು ಆಮೇಲೆ ಮೊದಲ ಸಲ ಮಾರುವಾಗ ಅನ್ವಯಿಸದು. ಹೆಸರು ಪತ್ತೆ ಮಾಡಿದ ನಿಮ್ಮ ಶ್ರಮ ಆ ಮನೆಗೂ ನಾಲ್ಕು ಕಾಸು ತರಬಹುದು. ಇನ್ನೊಂದು, ಊರಿಗೆ ವಾಪಸ್ಸಾಗುವಾಗ ಬೆಂಗಳೂರಿಗೆ ಒಯ್ಯುತ್ತೇನೆ ಎನ್ನುವವರಿಗೆ: 1986ರ ಚರ ಸಾಂಸ್ಕೃತಿಕ ಪರಂಪರೆ ರಕ್ಷಣಾ ಕಾಯ್ದೆಯಂತೆ ಗುಪ್ತ ಆಚರಣೆಯ ವಸ್ತು, ಶವಸಂಸ್ಕಾರಕ್ಕೆ ಬಳಸಿದ ತೊಗಟೆ ಪೆಟ್ಟಿಗೆಗಳನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಹಳೆಯ, ಬೆಲೆಬಾಳುವ ತೊಗಟೆ ಚಿತ್ರಕ್ಕೆ ಪರವಾನಗಿ ಬೇಕಾಗುತ್ತದೆ. ಟಿಕೆಟ್ ಬುಕ್ ಮಾಡುವ ತಿಂಗಳುಗಳ ಮುಂಚೆಯೇ ಅರ್ಜಿ ಹಾಕಿ.

ಮಾರದೆ ಇಟ್ಟುಕೊಳ್ಳುವುದಾದರೆ ಕಿಟಕಿಯ ಎದುರು ಗೋಡೆ ಬೇಡ, ಹೀಟರಿನ ಮೇಲೆ ಬೇಡ. ತೇವ ಏರಿಳಿದಷ್ಟೂ ತೊಗಟೆ ಬಾಗುತ್ತದೆ, ಬಣ್ಣ ಬಿಡುತ್ತದೆ. ಅಡುಗೆಮನೆಗೆ ಅಂಟಿದ ಗೋಡೆಯಂತೂ ಬೇಡವೇ ಬೇಡ. ನಮ್ಮ ಒಗ್ಗರಣೆಯ ಎಣ್ಣೆಹೊಗೆ ಮಣ್ಣಿನ ಬಣ್ಣದಲ್ಲಿ ಒಮ್ಮೆ ಇಳಿದರೆ ಅದನ್ನು ತೆಗೆಯುವ ಸಂರಕ್ಷಕರ ಬಿಲ್ಲು ಚಿತ್ರದ ಬೆಲೆಯನ್ನೇ ಮೀರೀತು.